ಅವಳ ದೂರು, ಅವರ ಚುನಾವಣೆ

(ನಮ್ಮ ಪತ್ರಿಕೆಯ ಓದುಗರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)

ಇವತ್ತು ನನಗೆ ಕೊಟ್ಟಿರುವ ವಿಷಯ 'ಮಹಿಳೆ ಮತ್ತು ಚುನಾವಣೆ'. ಮೀಸಲಾತಿಯ ಬಗ್ಗೆ ಮಾತಾಡುತ್ತೇನೆ ಎಂದು ನೀವು ಅಂದುಕೊಂಡಿರಬಹುದು. ಆ ಬಗ್ಗೆ ನನಗಿಂತ ಚೆನ್ನಾಗಿ ಮಾತಾಡುವವರು ಇಲ್ಲೇ ಕೂತಿದ್ದಾರೆ. ನಾನು ಬೇರೊಂದು ಪ್ರಶ್ನೆ ಹೊತ್ತು ಬಂದಿದ್ದೇನೆ. ಅದು ನನ್ನ ನಿದ್ದೆ ಕೆಡಿಸಿದ ಪ್ರಶ್ನೆ.

ಕೆಲವು ವರ್ಷಗಳ ಹಿಂದೆ ಒಂದು ಸ್ಥಳೀಯ ಚುನಾವಣೆಯ ಸಮಯದಲ್ಲಿ ನಮ್ಮ ಸಲಹಾ ಕೇಂದ್ರಕ್ಕೆ ಇಬ್ಬರು ಗಂಡಸರು ಬಂದರು. ಬಹಳ ವಿನಯದಿಂದ ಕೂತರು. ಒಬ್ಬ ಉಮೇದುವಾರನ ಹೆಸರು ಹೇಳಿ, "ಮೇಡಂ, ಈತನ ಹೆಂಡತಿ ಒಂಬತ್ತು ವರ್ಷದ ಹಿಂದೆ ನಿಮ್ಮಲ್ಲಿ ದೂರು ಕೊಟ್ಟಿದ್ದಳಂತೆ. ಅದರ ಒಂದು ಪ್ರತಿ ಬೇಕಿತ್ತು" ಎಂದರು. ನನಗೆ ಆ ದೂರು ನೆನಪಿತ್ತು. ತವರಿನವರು ಸೈಟು ಕೊಡಿಸಲಿಲ್ಲ ಎಂದು ಗಂಡ ಅವಳ ಕೈ ಮುರಿದಿದ್ದ. ಪೊಲೀಸ್ ಠಾಣೆಗೆ ಹೋಗುವುದು ಬೇಡ ಎಂದು ಅವಳೇ ಹೇಳಿದ್ದಳು. ನಾಲ್ಕು ಪುಟ ತನ್ನ ಕೈಯಲ್ಲೇ ಬರೆದುಕೊಟ್ಟು ಹೋಗಿದ್ದಳು.

ಕೊಡುವುದಿಲ್ಲ ಎಂದೆ. ಆಗ ಅವರಲ್ಲಿ ಹಿರಿಯನಾಗಿದ್ದವನು ಹೇಳಿದ: "ನೀವು ಮಹಿಳಾ ಸಂಘಟನೆಯವರು. ಹೆಂಡತಿಗೆ ಹೊಡೆಯುವವನನ್ನು ಕಾಪಾಡ್ತೀರಾ? ಇಂಥವನು ಗೆದ್ದು ಬಂದರೆ ನಾಳೆ ಊರಿನ ಹೆಣ್ಣುಮಕ್ಕಳ ಗತಿ ಏನು?"

ಆ ಕ್ಷಣಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಮನೆಯೊಳಗಿನ ಹಿಂಸೆ ಖಾಸಗಿ ವಿಷಯವಲ್ಲ, ಅದು ಸಾರ್ವಜನಿಕ ಪ್ರಶ್ನೆ ಎಂದು ಇಷ್ಟು ವರ್ಷ ಬೀದಿಯಲ್ಲಿ ನಿಂತು ಕೂಗಿದವರು ನಾವೇ ಅಲ್ಲವೇ? ಈಗ ಅದನ್ನು ಸಾರ್ವಜನಿಕ ಮಾಡೋಣ ಎಂದು ಬಂದವರಿಗೆ ಬಾಗಿಲು ಹಾಕುವುದು ಹೇಗೆ? ಕೊಡಲಿಲ್ಲ, ನಿಜ. ಆದರೆ ಯಾಕೆ ಕೊಡಲಿಲ್ಲ ಎಂದು ನನಗೇ ಸ್ಪಷ್ಟವಾಗಬೇಕಿತ್ತು. ಅದಕ್ಕಾಗಿ ನಾನು ಒಂದು ದೂರದ ದೇಶದ ಚರಿತ್ರೆ ಓದಲು ಕೂತೆ. ಅಮೆರಿಕದ ಅಧ್ಯಕ್ಷ ಚುನಾವಣೆಗಳಲ್ಲಿ ಹಳೆಯ ಹಗರಣ ಕೆದಕುವುದು, ಕೆಸರೆರಚುವುದು ಇನ್ನೂರು ವರ್ಷಕ್ಕೂ ಹಳೆಯ ಚಾಳಿ. ಎಲ್ಲವೂ ದಾಖಲಾಗಿದೆ. ಆ ಕೆಸರಿನಲ್ಲಿ ಹೆಣ್ಣಿನ ಹೆಸರು ಬಂದಾಗಲೆಲ್ಲ ಕೊನೆಗೆ ಅವಳಿಗೇನಾಯಿತು? ಇಷ್ಟೇ ನಾನು ಹುಡುಕಿದ್ದು. ಅದನ್ನೇ ನಿಮ್ಮ ಮುಂದಿಡುತ್ತೇನೆ.

ಮೊದಲನೆಯದು 1802ರ ಕಥೆ. ಆಗ ಥಾಮಸ್ ಜೆಫರ್ಸನ್ ಅಧ್ಯಕ್ಷ. ಎಲ್ಲ ಮನುಷ್ಯರೂ ಸಮಾನರು ಎಂದು ಸ್ವಾತಂತ್ರ್ಯ ಘೋಷಣೆಯಲ್ಲಿ ಬರೆದ ಮಹಾಶಯ. ಜೇಮ್ಸ್ ಕ್ಯಾಲೆಂಡರ್ ಎಂಬ ಪತ್ರಕರ್ತ ಮೊದಲು ಜೆಫರ್ಸನ್ ಕಡೆಯಿಂದಲೇ ಹಣ ಪಡೆದು ವಿರೋಧಿ ಜಾನ್ ಆಡಮ್ಸ್ ವಿರುದ್ಧ ಬರೆದಿದ್ದವನು. ಬಯಸಿದ ಹುದ್ದೆ ಸಿಗದೆ ತಿರುಗಿಬಿದ್ದ. ಜೆಫರ್ಸನ್ ತನ್ನ ಗುಲಾಮಳಾದ ಸ್ಯಾಲಿ ಹೆಮಿಂಗ್ಸ್‌ಳಿಂದ ಮಕ್ಕಳನ್ನು ಪಡೆದಿದ್ದಾನೆ ಎಂದು ರಿಚ್ಮಂಡ್ ನಗರದ ಪತ್ರಿಕೆಯಲ್ಲಿ ಅಚ್ಚು ಹಾಕಿದ. ವಿರೋಧ ಪಕ್ಷದ ಪತ್ರಿಕೆಗಳು ಅದನ್ನು ಎತ್ತಿಕೊಂಡು ಹಾಡು ಕಟ್ಟಿ ನಕ್ಕವು. ಜೆಫರ್ಸನ್ 1804ರಲ್ಲಿ ಭಾರಿ ಬಹುಮತದಿಂದ ಮತ್ತೆ ಗೆದ್ದ.

ಕ್ಯಾಲೆಂಡರ್ ಬರೆದ ಮುಖ್ಯ ಸಂಗತಿ ಸುಳ್ಳಾಗಿರಲಿಲ್ಲ. 1998ರಲ್ಲಿ ನಡೆದ ಡಿಎನ್‌ಎ ಪರೀಕ್ಷೆ ಅದನ್ನು ಬಲವಾಗಿ ಬೆಂಬಲಿಸಿತು. ಜೆಫರ್ಸನ್ನನ ಮನೆಯನ್ನು ನೋಡಿಕೊಳ್ಳುವ ಪ್ರತಿಷ್ಠಾನವೇ ಈಗ ಅದನ್ನು ಒಪ್ಪಿದೆ. ಆದರೆ ಆ ಬರಹಗಳಲ್ಲಿ ಅನ್ಯಾಯಕ್ಕೊಳಗಾದ ಹೆಣ್ಣು ಎಲ್ಲೂ ಇಲ್ಲ. ಅವಳು ಜೆಫರ್ಸನ್ನನ ತೀರಿಕೊಂಡ ಹೆಂಡತಿಗೆ ಮಲತಂಗಿ. ಪ್ಯಾರಿಸ್ಸಿನಲ್ಲಿ ಅವನ ಮನೆಯಲ್ಲಿದ್ದಾಗ 14ರಿಂದ 16ರ ಹುಡುಗಿ. ಅವಳ ದೇಹವೇ ಕಾನೂನಿನ ಪ್ರಕಾರ ಅವನ ಆಸ್ತಿ. 'ಬೇಡ' ಎನ್ನುವ ಹಕ್ಕಿಲ್ಲದವಳ ಮೇಲೆ ನಡೆದದ್ದು ದೌರ್ಜನ್ಯ ಎಂದು ವಿರೋಧ ಪಕ್ಷದವರು ಹೇಳಲಿಲ್ಲ. ಕಪ್ಪು ಹೆಣ್ಣಿನ ಜೊತೆ ಮಲಗಿದ ಎಂದು ಮಾತ್ರ ಹಂಗಿಸಿದರು. ಬೈಗುಳವೆಲ್ಲ ಅವಳ ಬಣ್ಣಕ್ಕೆ, ಅವಳ ಶೀಲಕ್ಕೆ. ಸ್ಯಾಲಿ ಸ್ವತಃ ಏನು ಹೇಳಿದಳು ಎಂಬುದರ ಒಂದು ಸಾಲೂ ಉಳಿದಿಲ್ಲ. ಅವಳ ಮಗ ಮ್ಯಾಡಿಸನ್ 1873ರಲ್ಲಿ ಹೇಳಿದ ನಂತರವಷ್ಟೇ ಆ ಮನೆಯ ಕಡೆಯ ಮಾತು ಅಚ್ಚಾಯಿತು.

ಎರಡನೆಯದು 1828. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಇದು ನಮ್ಮ ಕೇಂದ್ರಕ್ಕೆ ದಿನಾ ಬರುವ ಕಥೆಯೇ.

ರೇಚಲ್ ಡೊನೆಲ್ಸನ್ ಎಂಬ ಹುಡುಗಿಗೆ 1785ರಲ್ಲಿ ಕೆಂಟಕಿಯ ಲೂಯಿಸ್ ರಾಬರ್ಡ್ಸ್ ಜೊತೆ ಮದುವೆಯಾಯಿತು. ಅವಳಿಗೆ ಆಗ ಹದಿನೇಳೋ ಹದಿನೆಂಟೋ. ಗಂಡ ಅನುಮಾನದ ಪಿಶಾಚಿ. ಹೆಂಡತಿ ಯಾರ ಜೊತೆ ಮಾತಾಡಿದರೂ ಜಗಳ. ಮನೆಯಿಂದ ಹೊರಹಾಕುವುದು, ಮತ್ತೆ ಕರೆಸಿಕೊಳ್ಳುವುದು. ಆ ಮನೆಯಲ್ಲಿ ಊಟ ವಸತಿ ಪಡೆದಿದ್ದ ಜಾನ್ ಓವರ್ಟನ್ ಎಂಬ ವಕೀಲ ಮುಂದೆ ಒಂದು ಮಾತು ದಾಖಲಿಸಿದ್ದಾನೆ: ತಪ್ಪು ನನ್ನ ಮಗನದೇ ಎಂದು ಹೇಳಿ ಅತ್ತೆಯೇ ಸೊಸೆಯ ಪರ ನಿಂತಿದ್ದಳಂತೆ. ಅಂಥ ಅತ್ತೆಯರೂ ಇರುತ್ತಾರೆ ಎಂಬುದನ್ನು ನಾವು ನೆನಪಿಟ್ಟುಕೊಳ್ಳಬೇಕು.

ಕೊನೆಗೆ ರೇಚಲ್ ಗಂಡನನ್ನು ಬಿಟ್ಟು ಹೊರಟಳು. ವಿಚ್ಛೇದನ ಕೇಳಲು ರಾಬರ್ಡ್ಸ್ 1790ರ ಕೊನೆಯಲ್ಲಿ ವರ್ಜೀನಿಯಾ ಶಾಸನಸಭೆಯ ಅನುಮತಿ ಪಡೆದ. ಅದು ಅನುಮತಿ ಮಾತ್ರ, ವಿಚ್ಛೇದನವಲ್ಲ. ವಿಚ್ಛೇದನವೇ ಆಗಿಹೋಯಿತು ಎಂದು ತಾವು ನಂಬಿದ್ದಾಗಿ ಹೇಳಿ ರೇಚಲ್ ಮತ್ತು ಆಂಡ್ರ್ಯೂ ಜಾಕ್ಸನ್ ಎಂಬ ವಕೀಲ 1791ರಲ್ಲಿ ಮದುವೆಯಾದರು. ನಿಜವಾದ ವಿಚ್ಛೇದನ ಸಿಕ್ಕಿದ್ದು 1793ರಲ್ಲಿ. ಅದರಲ್ಲಿ ಕಾರಣ ಏನು ಬರೆದಿತ್ತು ಗೊತ್ತೇ? ಹೆಂಡತಿ ಗಂಡನನ್ನು ತೊರೆದು ಪರಪುರುಷನ ಜೊತೆ ವ್ಯಭಿಚಾರದಲ್ಲಿ ಬದುಕುತ್ತಿದ್ದಾಳೆ ಎಂದು. 1794ರಲ್ಲಿ ಅವರಿಬ್ಬರೂ ಮತ್ತೊಮ್ಮೆ ಮದುವೆಯ ವಿಧಿ ಮುಗಿಸಿದರು. ಗಂಡನ ಅನುಮಾನಕ್ಕೆ ಸರ್ಕಾರಿ ಕಾಗದದಲ್ಲಿ ಒಂದು ಸಾಲಿನ ಜಾಗವೂ ಸಿಗಲಿಲ್ಲ. ಅವಳು ಓಡಿಹೋದದ್ದು ಮಾತ್ರ ಅಪರಾಧವಾಗಿ ದಾಖಲಾಯಿತು.

ಈಗ 1827ಕ್ಕೆ ಬನ್ನಿ. ಜಾಕ್ಸನ್ ಯುದ್ಧದಲ್ಲಿ ಹೆಸರು ಮಾಡಿ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದ. ಎದುರಾಳಿ ಜಾನ್ ಕ್ವಿನ್ಸಿ ಆಡಮ್ಸ್. ಸಿನ್ಸಿನಾಟಿಯ ಪತ್ರಿಕಾ ಸಂಪಾದಕ ಚಾರ್ಲ್ಸ್ ಹ್ಯಾಮಂಡ್ ಮೂವತ್ತು ವರ್ಷಕ್ಕೂ ಹಳೆಯ ಆ ಕಾಗದ ಕೆದಕಿದ. ವ್ಯಭಿಚಾರಿಣಿಯೊಬ್ಬಳು ದೇಶದ ಅತ್ಯುನ್ನತ ಮನೆಗೆ ಹೋಗಬೇಕೇ ಎಂದು ಕೇಳಿದ. ಕರಪತ್ರಗಳು ಊರೂರು ಸುತ್ತಿದವು. ಜಾಕ್ಸನ್ ಕಡೆಯವರು ಸುಮ್ಮನಿರಲಿಲ್ಲ. ಆಡಮ್ಸ್ ರಷ್ಯಾದಲ್ಲಿ ರಾಯಭಾರಿಯಾಗಿದ್ದಾಗ ಅಲ್ಲಿನ ಚಕ್ರವರ್ತಿಗೆ ಒಬ್ಬ ಅಮೆರಿಕನ್ ಹುಡುಗಿಯನ್ನು ಒದಗಿಸಿದ್ದ ಎಂಬ ಬುಡವಿಲ್ಲದ ಕಥೆ ಹಬ್ಬಿಸಿದರು. ಒಬ್ಬರ ಕೆಸರಿಗೆ ಇನ್ನೊಬ್ಬರ ಕೆಸರು. ಎರಡರಲ್ಲೂ ಕಲಸಿದ್ದು ಹೆಣ್ಣಿನ ಮಾನವನ್ನೇ.

ಜಾಕ್ಸನ್ ಗೆದ್ದ. ಆಗಲೇ ಹೃದಯದ ಕಾಯಿಲೆಯಿಂದ ನರಳುತ್ತಿದ್ದ ರೇಚಲ್ 1828ರ ಡಿಸೆಂಬರ್ 22ರಂದು ತೀರಿಕೊಂಡಳು. ಎರಡು ದಿನದ ನಂತರ ಅವಳದೇ ತೋಟದಲ್ಲಿ ಮಣ್ಣು ಮಾಡಿದರು. ವಿರೋಧಿಗಳ ನಾಲಿಗೆಯೇ ಅವಳನ್ನು ಕೊಂದಿತು ಎಂದು ಜಾಕ್ಸನ್ ಸಾಯುವವರೆಗೂ ಹೇಳುತ್ತಿದ್ದ. ಅವನನ್ನೇನೂ ನಾವು ದೊಡ್ಡವನಾಗಿ ಮಾಡಬೇಕಿಲ್ಲ. ನೂರಾರು ಗುಲಾಮರನ್ನು ಇಟ್ಟುಕೊಂಡಿದ್ದವನು, 1830ರಲ್ಲಿ ಮೂಲನಿವಾಸಿಗಳನ್ನು ಅವರ ನೆಲದಿಂದ ಒಕ್ಕಲೆಬ್ಬಿಸುವ ಕಾಯ್ದೆಗೆ ಸಹಿ ಹಾಕಿದವನು. ಅವನನ್ನು ಟೀಕಿಸಲು ಬೇಕಾದಷ್ಟು ಕಾರಣಗಳಿದ್ದವು. ಎದುರಾಳಿಗಳು ಆರಿಸಿಕೊಂಡದ್ದು ಅವನ ಹೆಂಡತಿಯ ಹಳೆಯ ಗಾಯವನ್ನು.

ಮೂರನೆಯ ಹೆಸರು ವಿಕ್ಟೋರಿಯಾ ವುಡ್‌ಹಲ್. ಹದಿನೈದನೇ ವಯಸ್ಸಿಗೇ ಕುಡುಕ ಗಂಡನಿಗೆ ಕೊಟ್ಟು ಮದುವೆ ಮಾಡಿದ್ದ ಹೆಣ್ಣು. ಹೆಂಗಸರಿಗೆ ಮತದ ಹಕ್ಕೇ ಇಲ್ಲದಿದ್ದ 1872ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ತಾನೇ ನಿಂತಳು. ಮುಕ್ತ ಪ್ರೇಮದ ಬೋಧಕಿ ಎಂದು ಅವಳನ್ನು ವ್ಯಂಗ್ಯಚಿತ್ರಗಳಲ್ಲಿ ಸೈತಾನನಂತೆ ಬರೆದರು. ಆಗ ಅವಳು ತನ್ನ ಪತ್ರಿಕೆಯಲ್ಲಿ ದೇಶದ ಅತಿ ಹೆಸರುವಾಸಿ ಪಾದ್ರಿ ಹೆನ್ರಿ ವಾರ್ಡ್ ಬೀಚರ್‌ನ ಅಕ್ರಮ ಸಂಬಂಧದ ಆರೋಪ ಅಚ್ಚು ಹಾಕಿದಳು. ಗಂಡಸಿಗೊಂದು ನೀತಿ ಹೆಂಗಸಿಗೊಂದು ನೀತಿ ಯಾಕೆ ಎಂಬುದು ಅವಳ ಪ್ರಶ್ನೆ. ಮತದಾನಕ್ಕೆ ಮೂರು ದಿನ ಮುಂಚೆ, ಅಶ್ಲೀಲ ಸಾಹಿತ್ಯವನ್ನು ಅಂಚೆಯಲ್ಲಿ ಕಳಿಸಿದಳೆಂದು ಅವಳನ್ನೇ ಬಂಧಿಸಿದರು. ಚುನಾವಣೆಯ ದಿನ ಅವಳು ಜೈಲಿನಲ್ಲಿದ್ದಳು. ಮುಂದೆ ಆ ಪ್ರಕರಣ ಬಿದ್ದುಹೋಯಿತು. ಪಾದ್ರಿ ಮಾತ್ರ ತನ್ನ ಚರ್ಚಿನಲ್ಲಿ ಪ್ರವಚನ ಮಾಡುತ್ತ ಸುಖವಾಗಿಯೇ ಇದ್ದ. ಅದೇ ಪಾದ್ರಿ 1884ರಲ್ಲಿ ಯಾರ ಪರ ಪ್ರಚಾರ ಮಾಡಿದ ಎಂಬುದನ್ನು ಈಗ ಹೇಳುತ್ತೇನೆ.

1884ರಲ್ಲಿ ಡೆಮಾಕ್ರಟಿಕ್ ಪಕ್ಷದ ಉಮೇದುವಾರ ಗ್ರೋವರ್ ಕ್ಲೀವ್‌ಲ್ಯಾಂಡ್. 'ಪ್ರಾಮಾಣಿಕ' ಎಂದು ಹೆಸರು ಪಡೆದ ಗವರ್ನರ್. ಜುಲೈ ತಿಂಗಳಲ್ಲಿ ಅವನ ಊರಾದ ಬಫಲೋದ ಪತ್ರಿಕೆಯೊಂದು ಹತ್ತು ವರ್ಷ ಹಳೆಯ ಕಥೆ ಬಯಲು ಮಾಡಿತು. ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ ಮರಿಯಾ ಹಾಲ್ಪಿನ್ ಎಂಬ ವಿಧವೆಗೆ 1874ರಲ್ಲಿ ಅವನಿಂದ ಗಂಡುಮಗು ಹುಟ್ಟಿತ್ತು. ಮಗುವನ್ನು ಅವಳಿಂದ ಬೇರೆ ಮಾಡಿ ಅನಾಥಾಶ್ರಮಕ್ಕೆ ಸೇರಿಸಿದ್ದರು. ಅವಳನ್ನು ಹುಚ್ಚಾಸ್ಪತ್ರೆಗೆ ಹಾಕಿದ್ದರು. ಇಟ್ಟುಕೊಳ್ಳಲು ಕಾರಣವಿಲ್ಲ ಎಂದು ಅಲ್ಲಿಂದ ಅವಳನ್ನು ಬಿಟ್ಟರು. ಮಗು ಬೇರೆಯವರ ಮನೆಗೆ ದತ್ತು ಹೋಯಿತು.

ಏನು ಹೇಳೋಣ ಎಂದು ಗೆಳೆಯರು ಕೇಳಿದಾಗ ಕ್ಲೀವ್‌ಲ್ಯಾಂಡ್ 'ಸತ್ಯ ಹೇಳಿ' ಎಂದು ತಂತಿ ಕಳಿಸಿದ. ಇವತ್ತಿಗೂ ಚುನಾವಣಾ ಪಂಡಿತರು ಆ ತಂತಿಯನ್ನು ಹೊಗಳುತ್ತಾರೆ. ಆದರೆ ಅವನ ಕಡೆಯವರು ಹೇಳಿದ ಸತ್ಯ ಎಂಥದು? ಅವಳು ಕುಡಿಯುತ್ತಿದ್ದಳು, ಹಲವರ ಜೊತೆ ಸಂಬಂಧವಿತ್ತು, ಮಗು ಯಾರದೋ ಏನೋ, ಇವನು ಬ್ರಹ್ಮಚಾರಿಯಾದ್ದರಿಂದ ಉಳಿದವರ ಮಾನ ಉಳಿಸಲು ದೊಡ್ಡ ಮನಸ್ಸಿನಿಂದ ಹೊಣೆ ಹೊತ್ತ. ಇದು ಅವರ ಸತ್ಯ. ಅಕ್ಟೋಬರ್ ಕೊನೆಯಲ್ಲಿ ಮರಿಯಾ ಪ್ರಮಾಣಪತ್ರದಲ್ಲಿ ತನ್ನ ಮಾತು ಹೇಳಿದಳು. ನನ್ನ ಒಪ್ಪಿಗೆಯಿಲ್ಲದೆ, ಬಲವಂತದಿಂದ, ಹಿಂಸೆಯಿಂದ ಅವನು ನನ್ನನ್ನು ಕೆಡಿಸಿದ ಎಂಬುದು ಅದರ ತಾತ್ಪರ್ಯ. ಇದನ್ನು ಯಾವ ನ್ಯಾಯಾಲಯವೂ ವಿಚಾರಿಸಲಿಲ್ಲ. ವಿಚಾರಿಸಬೇಕು ಎಂದು ಎರಡು ಪಕ್ಷಗಳಲ್ಲಿ ಯಾರೂ ಕೇಳಲೂ ಇಲ್ಲ. ರಿಪಬ್ಲಿಕನ್ನರಿಗೆ ಬೇಕಾದದ್ದು 'ಅಪ್ಪ ಎಲ್ಲಿ' ಎಂದು ಮಗುವಿನ ದನಿಯಲ್ಲಿ ಬೀದಿಯಲ್ಲಿ ಕೂಗುವ ಘೋಷಣೆ. ಅದರಲ್ಲಿ ತಾಯಿಯ ಮೇಲಾದ ಬಲಾತ್ಕಾರದ ಮಾತಿಲ್ಲ.

ಎದುರಾಳಿ ಜೇಮ್ಸ್ ಬ್ಲೇನ್ ಮೇಲೆ ರೈಲ್ವೆ ಕಂಪನಿಗಳಿಂದ ಲಾಭ ಪಡೆದ ಆರೋಪವಿತ್ತು. ಆಗ ಒಂದು ತರ್ಕ ಹುಟ್ಟಿತು. ಕ್ಲೀವ್‌ಲ್ಯಾಂಡ್ ಖಾಸಗಿ ಬದುಕಿನಲ್ಲಿ ಎಡವಿದರೂ ಸಾರ್ವಜನಿಕ ಬದುಕಿನಲ್ಲಿ ಶುದ್ಧ, ಬ್ಲೇನ್ ಮನೆಯಲ್ಲಿ ಒಳ್ಳೆಯವನು ಕಚೇರಿಯಲ್ಲಿ ಭ್ರಷ್ಟ, ಆದ್ದರಿಂದ ಅವನನ್ನು ಅಧಿಕಾರಕ್ಕೂ ಇವನನ್ನು ಮನೆಗೂ ಕಳಿಸೋಣ ಎಂದು. ಎಲ್ಲರೂ ಚಪ್ಪಾಳೆ ತಟ್ಟಿದರು. ಗೆಳತಿಯರೇ, ಈ ತರ್ಕ ನಾವು ಚೆನ್ನಾಗಿ ಬಲ್ಲದ್ದು. ಹಣ ತಿಂದರೆ ಸಾರ್ವಜನಿಕ ತಪ್ಪು. ಹೆಣ್ಣಿನ ಮೇಲೆ ಬಲಾತ್ಕಾರ ಮಾಡಿದ ಆರೋಪ ಬಂದರೆ ಅದು ಖಾಸಗಿ ಎಡವಟ್ಟು! ಬೀಚರ್ ಪಾದ್ರಿಯೂ ಕ್ಲೀವ್‌ಲ್ಯಾಂಡ್ ಪರವೇ ಪ್ರಚಾರ ಮಾಡಿದ. ನ್ಯೂಯಾರ್ಕ್ ರಾಜ್ಯದಲ್ಲಿ ಸಾವಿರದ ಚಿಲ್ಲರೆ ಮತಗಳ ಅಂತರದಿಂದ ಕ್ಲೀವ್‌ಲ್ಯಾಂಡ್ ಅಧ್ಯಕ್ಷನಾದ. ಅದೇ ಚುನಾವಣೆಯಲ್ಲಿ ಬೆಲ್ವಾ ಲಾಕ್‌ವುಡ್ ಎಂಬ ವಕೀಲೆಯೂ ನಿಂತಿದ್ದಳು. ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ವಾದಿಸಿದ ಮೊದಲ ಮಹಿಳೆ. ಅವಳನ್ನು ತಮಾಷೆ ಮಾಡಿ ಬಿಟ್ಟರು. ಮರಿಯಾ 1902ರಲ್ಲಿ ಸತ್ತಳು. ತನ್ನ ಕಥೆಯಿಂದ ಅವಳಿಗೆ ಮಗು ಮರಳಿ ಸಿಗಲಿಲ್ಲ, ನ್ಯಾಯವೂ ಸಿಗಲಿಲ್ಲ.

ಇದಕ್ಕೊಂದು ಬಾಲವಿದೆ. 1886ರಲ್ಲಿ 49 ವರ್ಷದ ಅಧ್ಯಕ್ಷ ಕ್ಲೀವ್‌ಲ್ಯಾಂಡ್ ತೀರಿಹೋದ ಗೆಳೆಯನ ಮಗಳು, 21 ವರ್ಷದ ಫ್ರಾನ್ಸಿಸ್ ಫಾಲ್ಸಮ್‌ಳನ್ನು ಮದುವೆಯಾದ. 1888ರ ಚುನಾವಣೆಯ ಹೊತ್ತಿಗೆ ಅವನು ಕುಡಿದು ಹೆಂಡತಿಗೆ ಹೊಡೆಯುತ್ತಾನೆ ಎಂಬ ಸುದ್ದಿ ಹಬ್ಬಿತು. ಆಕೆಯೇ ಪತ್ರ ಬರೆದು, ಇದು ರಾಜಕೀಯಕ್ಕಾಗಿ ಹುಟ್ಟಿಸಿದ ಸುಳ್ಳು ಎಂದು ಖಂಡಿಸಿದಳು. ಆಕೆಯ ಮಾತನ್ನು ಆಕೆಯ ಮಾತಾಗಿಯೇ ನಾವು ಒಪ್ಪಬೇಕು. ನನ್ನ ಪ್ರಶ್ನೆ ಬೇರೆ. ಹೆಂಡತಿಗೆ ಹೊಡೆಯುವ ಹಕ್ಕು ಗಂಡನಿಗಿಲ್ಲ ಎಂದು ಅಲಬಾಮಾ ರಾಜ್ಯದ ನ್ಯಾಯಾಲಯ 1871ರಲ್ಲೇ ಹೇಳಿತ್ತು. ಹೆಂಡತಿಗೆ ಹೊಡೆದವನಿಗೆ ಚಾವಟಿ ಏಟಿನ ಶಿಕ್ಷೆ ಕೊಡುವ ಕಾನೂನು ಮೇರಿಲ್ಯಾಂಡ್‌ನಲ್ಲಿ 1882ರಲ್ಲೇ ಬಂದಿತ್ತು. ಅಂದರೆ ಹಿಂಸೆಯ ಅರಿವು ಆ ಸಮಾಜಕ್ಕಿತ್ತು. ಹಾಗಿದ್ದೂ ಅಧ್ಯಕ್ಷನ ಮನೆಯ ಏಟಿನ ಬಗ್ಗೆ ಪಿಸುಗುಟ್ಟಿದವರು ಪಕ್ಕದ ಮನೆಯ ಏಟಿನ ಬಗ್ಗೆ ಮಾತಾಡಲಿಲ್ಲ. ಹೆಂಡತಿಗೆ ಹೊಡೆಯುವುದು ಅವರಿಗೆ ಒಂದು ಸಾಮಾಜಿಕ ಸಮಸ್ಯೆಯಾಗಿರಲಿಲ್ಲ, ಒಬ್ಬ ಗಂಡಸಿಗೆ ಎಸೆಯಲು ಸಿಕ್ಕ ಕಲ್ಲಾಗಿತ್ತು.

ಇದೆಲ್ಲ ಹಳೆಯ ಕಾಲ, ಈಗ ಬದಲಾಗಿರಬಹುದು ಎನ್ನುತ್ತೀರಾ? 1988ಕ್ಕೆ ಬನ್ನಿ. ಮ್ಯಾಸಚುಸೆಟ್ಸ್ ರಾಜ್ಯದ ಜೈಲಿನಿಂದ ರಜೆಯ ಮೇಲೆ ಹೊರಬಂದ ವಿಲಿ ಹಾರ್ಟನ್ ಎಂಬ ಕೊಲೆ ಅಪರಾಧಿ ತಪ್ಪಿಸಿಕೊಂಡು 1987ರಲ್ಲಿ ಮೇರಿಲ್ಯಾಂಡ್‌ನಲ್ಲಿ ಒಬ್ಬ ಮಹಿಳೆಯ ಮೇಲೆ ಬಲಾತ್ಕಾರ ಮಾಡಿದ್ದ. ಆ ರಾಜ್ಯದ ಗವರ್ನರ್ ಮೈಕಲ್ ಡುಕಾಕಿಸ್ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದರು. ಜಾರ್ಜ್ ಬುಷ್ ಪರ ಇದ್ದ ಗುಂಪೊಂದು ಹಾರ್ಟನ್‌ನ ಕಪ್ಪು ಮುಖವನ್ನು ಟಿವಿ ಜಾಹೀರಾತಿನಲ್ಲಿ ತೋರಿಸಿತು. ಬಿಳಿಯ ಮತದಾರರಲ್ಲಿ ಕಪ್ಪು ಗಂಡಸಿನ ಭಯ ಎಬ್ಬಿಸುವುದೇ ಉದ್ದೇಶ. ಆಮೇಲೆ ಚರ್ಚಾಕೂಟದಲ್ಲಿ ಪತ್ರಕರ್ತರೊಬ್ಬರು ಡುಕಾಕಿಸ್‌ರನ್ನು, ನಿಮ್ಮ ಹೆಂಡತಿಯ ಮೇಲೆ ಬಲಾತ್ಕಾರ ಮಾಡಿ ಕೊಂದರೆ ಆಗಲೂ ಮರಣದಂಡನೆ ವಿರೋಧಿಸುತ್ತೀರಾ ಎಂದು ಹೆಂಡತಿಯ ಹೆಸರು ಹಿಡಿದೇ ಕೇಳಿದರು. ಡುಕಾಕಿಸ್ ತಣ್ಣಗೆ ಉತ್ತರಿಸಿದ್ದರಿಂದ ಸೋತರು ಎಂದು ಪಂಡಿತರು ಇನ್ನೂ ಚರ್ಚಿಸುತ್ತಾರೆ. ದೇಶದಲ್ಲಿ ದಿನಾ ನಡೆಯುವ ಬಲಾತ್ಕಾರಗಳ ಬಗ್ಗೆ ಆ ಪ್ರಚಾರದಲ್ಲಿ ಏನಾದರೂ ಹೊಸ ಮಾತು ಬಂತೇ? ಇಲ್ಲ.

1992ರ ಜನವರಿಯಲ್ಲಿ ಜೆನಿಫರ್ ಫ್ಲವರ್ಸ್ ಎಂಬಾಕೆ ಬಿಲ್ ಕ್ಲಿಂಟನ್ ಜೊತೆ ತನಗೆ ಬಹುಕಾಲದ ಸಂಬಂಧವಿತ್ತು ಎಂದಳು. ಕ್ಲಿಂಟನ್ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಟಿವಿಯಲ್ಲಿ ಅಲ್ಲಗಳೆದರು. ಹೆಂಡತಿಯೇ ಪಕ್ಕದಲ್ಲಿ ಕೂತಿದ್ದಾಳಲ್ಲ, ಇನ್ನೇನು! ಚುನಾವಣೆ ಗೆದ್ದರು. ಆರು ವರ್ಷದ ನಂತರ, 1998ರಲ್ಲಿ, ಪ್ರಮಾಣ ಮಾಡಿ ಹೇಳಿಕೆ ಕೊಡುವಾಗ ಸಂಬಂಧವನ್ನು ಒಂದು ಮಟ್ಟಿಗೆ ಒಪ್ಪಿಕೊಂಡರು. ಅದು ಇಬ್ಬರ ಒಪ್ಪಿಗೆಯ ಸಂಬಂಧ, ಸರಿ. ಆದರೆ ಕ್ಲಿಂಟನ್ ಲೈಂಗಿಕ ಕಿರುಕುಳ ಕೊಟ್ಟರು, ಬಲಾತ್ಕಾರ ಮಾಡಿದರು ಎಂದು ಬೇರೆ ಹೆಂಗಸರೂ ಮುಂದೆ ಹೇಳಿದರು. ಅವರು ಅಲ್ಲಗಳೆದರು. ಆ ಹೆಂಗಸರ ಮಾತನ್ನು ಅವರ ಪಕ್ಷದ ಪ್ರಗತಿಪರರು ಬಹಳ ವರ್ಷ ಕಿವಿಗೆ ಹಾಕಿಕೊಳ್ಳಲಿಲ್ಲ. ಇದನ್ನು ನಾವು ಒಪ್ಪಿಕೊಳ್ಳಲೇಬೇಕು.

ಆಮೇಲೆ 2016. ಡೊನಾಲ್ಡ್ ಟ್ರಂಪ್ ಹೆಂಗಸರನ್ನು ಹೇಗೆ ಬೇಕಾದರೂ ಹಿಡಿದುಕೊಳ್ಳಬಹುದು ಎಂದು ಜಂಬ ಕೊಚ್ಚಿಕೊಂಡ 2005ರ ಧ್ವನಿಮುದ್ರಣ ಅಕ್ಟೋಬರ್ 7ರಂದು ಹೊರಬಂತು. ಎರಡು ದಿನ ಕಳೆದು ಹಿಲರಿ ಕ್ಲಿಂಟನ್ ಜೊತೆ ಚರ್ಚಾಕೂಟ. ಅದಕ್ಕೆ ಸ್ವಲ್ಪ ಮುಂಚೆ ಟ್ರಂಪ್ ಪತ್ರಕರ್ತರನ್ನು ಕರೆದರು. ಪಕ್ಕದಲ್ಲಿ ನಾಲ್ವರು ಹೆಂಗಸರು. ಮೂವರು ಬಿಲ್ ಕ್ಲಿಂಟನ್ ಮೇಲೆ ದೂರಿದವರು. ನಾಲ್ಕನೆಯಾಕೆ ಬಾಲ್ಯದಲ್ಲಿ ಬಲಾತ್ಕಾರಕ್ಕೊಳಗಾದವರು. 1975ರಲ್ಲಿ ಆ ಆರೋಪಿಯ ಪರ ನ್ಯಾಯಾಲಯ ನೇಮಿಸಿದ್ದ ವಕೀಲೆ ಹಿಲರಿ. ಆ ನಾಲ್ವರ ನೋವು ನಿಜವಲ್ಲ ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳುವ ಹಕ್ಕು ನನಗಿಲ್ಲ. ಎಲ್ಲೂ ಕೇಳಿಸಿಕೊಳ್ಳದವರು ಸಿಕ್ಕ ವೇದಿಕೆ ಹತ್ತಿದರು. ಆದರೆ ಆ ವೇದಿಕೆ ಹಾಕಿದವನಿಗೆ ಬೇಕಾದದ್ದು ಏನು? ನಿನ್ನ ಗಂಡನೂ ಹಾಗೆಯೇ ಎಂದು ಎದುರಾಳಿಗೆ ಹೇಳುವುದು. ಗಂಡ ಮಾಡಿದ ತಪ್ಪಿಗೆ ಹೆಂಡತಿ ತಲೆ ಕೊಡಬೇಕು. ತನ್ನ ಮೇಲೆ ದೂರಿದ ಹೆಂಗಸರನ್ನೋ, ಸುಳ್ಳುಗಾತಿಯರು ಎಂದು ಅದೇ ತಿಂಗಳಲ್ಲಿ ಕರೆದರು. 2020ರಲ್ಲಿ ಜೋ ಬೈಡನ್ ಕಚೇರಿಯಲ್ಲಿ ಹಿಂದೆ ಕೆಲಸ ಮಾಡಿದ ಮಹಿಳೆಯೊಬ್ಬರು ದೂರಿದಾಗ ಪಕ್ಷಗಳು ಜಾಗ ಬದಲಿಸಿದವು. ಬೈಡನ್ ನಿರಾಕರಿಸಿದರು. ನಿನ್ನೆ ಹೆಣ್ಣನ್ನು ನಂಬಿ ಎಂದವರು ಇವತ್ತು ಸಾಕ್ಷಿ ಕೇಳಿದರು, ನಿನ್ನೆ ಸಾಕ್ಷಿ ಕೇಳಿದವರು ಇವತ್ತು ನಂಬಿ ಎಂದರು.

ಇಷ್ಟು ಓದಿದ ಮೇಲೆ ನನಗೆ ಒಂದು ವಿಷಯ ಕಂಡಿತು. ಈ ಹಗರಣಗಳಿಂದ ಒಬ್ಬಳೇ ಒಬ್ಬ ಹೆಣ್ಣಿಗೂ ರಕ್ಷಣೆಯ ಕಾನೂನು ಹುಟ್ಟಲಿಲ್ಲ. ಮತದ ಹಕ್ಕು ಬಂದದ್ದು 1920ರಲ್ಲಿ, ಹೆಂಗಸರ ದಶಕಗಳ ಹೋರಾಟದಿಂದ. ಏಟು ತಿಂದ ಹೆಂಗಸರಿಗೆ ಆಶ್ರಯ ಮನೆಗಳು ಎದ್ದದ್ದು 1970ರ ದಶಕದಲ್ಲಿ, ಹೆಂಗಸರೇ ಸೇರಿ ಕಟ್ಟಿದ್ದರಿಂದ. ಮಹಿಳೆಯರ ಮೇಲಿನ ಹಿಂಸೆಯ ವಿರುದ್ಧ ಕೇಂದ್ರ ಕಾಯ್ದೆ ಬಂದದ್ದು 1994ರಲ್ಲಿ, ಆ ಹೆಂಗಸರ ಒತ್ತಾಯದಿಂದ. ಅದನ್ನು ಸೆನೆಟ್‌ನಲ್ಲಿ ಮಂಡಿಸಿದವರು ಬೈಡನ್, ಸಹಿ ಹಾಕಿದವರು ಕ್ಲಿಂಟನ್. ಇದೂ ಚರಿತ್ರೆಯೇ. ಒಳ್ಳೆಯ ಗಂಡಸರು ಸಿಕ್ಕಿದ್ದರಿಂದ ಆ ಕಾನೂನು ಬರಲಿಲ್ಲ, ಹೆಂಗಸರು ಬಿಡದೆ ಕೇಳಿದ್ದರಿಂದ ಬಂತು.

ಹೆಣ್ಣು ತಾನೇ ನಿರ್ಧರಿಸಿ ಮಾತಾಡಿದಾಗ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. ಇ. ಜೀನ್ ಕ್ಯಾರಲ್ ಎಂಬ ಲೇಖಕಿ, 1990ರ ದಶಕದಲ್ಲಿ ಟ್ರಂಪ್ ತನ್ನ ಮೇಲೆ ಅಂಗಡಿಯೊಂದರಲ್ಲಿ ಆಕ್ರಮಣ ಮಾಡಿದ್ದನ್ನು 2019ರಲ್ಲಿ ಬರೆದರು. ಅವರು ಯಾವ ಪಕ್ಷದ ವೇದಿಕೆಗೂ ಹೋಗದೆ ನ್ಯಾಯಾಲಯಕ್ಕೆ ಹೋದರು. ಕಾಲಮಿತಿ ಮೀರಿದ ಲೈಂಗಿಕ ದೌರ್ಜನ್ಯಗಳಿಗೂ ಒಂದು ವರ್ಷ ದಾವೆ ಹೂಡಲು ಅವಕಾಶ ಕೊಡುವ ಕಾನೂನನ್ನು ನ್ಯೂಯಾರ್ಕ್ ರಾಜ್ಯ 2022ರಲ್ಲಿ ತಂದಿತ್ತು. 2023ರ ಮೇ ತಿಂಗಳಲ್ಲಿ ಜ್ಯೂರಿ ಟ್ರಂಪ್‌ರನ್ನು ಲೈಂಗಿಕ ದೌರ್ಜನ್ಯ ಮತ್ತು ಮಾನಹಾನಿಗೆ ಹೊಣೆ ಮಾಡಿ 50 ಲಕ್ಷ ಡಾಲರ್ ಪರಿಹಾರ ಕೊಡಿಸಿತು. 2024ರ ಜನವರಿಯಲ್ಲಿ ಇನ್ನೊಂದು ಜ್ಯೂರಿ ಮಾನಹಾನಿಗಾಗಿ 8 ಕೋಟಿ 33 ಲಕ್ಷ ಡಾಲರ್ ಎಂದಿತು. ಟ್ರಂಪ್ ಆರೋಪ ನಿರಾಕರಿಸಿ ಮೇಲ್ಮನವಿ ಹೋದರು. 2024ರ ನವೆಂಬರ್‌ನಲ್ಲಿ ಚುನಾವಣೆ ಗೆದ್ದರು ಕೂಡ. ಹಾಗಾದರೆ ಕ್ಯಾರಲ್ ಸೋತರೇ? ನನಗೆ ಹಾಗನ್ನಿಸುವುದಿಲ್ಲ. ಅವರು ಹೋದದ್ದು ಚುನಾವಣೆ ಸೋಲಿಸಲು ಅಲ್ಲ. ತನ್ನ ಮಾತನ್ನು ಕೇಳಿ ತೀರ್ಪು ಕೊಡುವವರ ಮುಂದೆ ನಿಲ್ಲಲು ಹೋದರು. ತೀರ್ಪು ಸಿಕ್ಕಿತು. ಮರಿಯಾ ಹಾಲ್ಪಿನ್‌ಗೆ ಸಿಗದೆ ಹೋದದ್ದು ಅದೇ.

ಈಗ ಮತ್ತೆ ನಮ್ಮ ಕೇಂದ್ರದ ಕಡತಕ್ಕೆ ಬರುತ್ತೇನೆ. ಹೆಂಡತಿಗೆ ಹೊಡೆಯುವವನು ಜನಪ್ರತಿನಿಧಿಯಾಗಬಾರದು ಎಂಬುದು ನಮ್ಮ ನಿಲುವು, ಅದರಲ್ಲಿ ಅನುಮಾನವಿಲ್ಲ. ನ್ಯಾಯಾಲಯದಲ್ಲಿ ದಾಖಲಾದ ಪ್ರಕರಣ ಸಾರ್ವಜನಿಕ. ಸುಪ್ರೀಂ ಕೋರ್ಟ್ 2002 ಮತ್ತು 2003ರಲ್ಲಿ ಕೊಟ್ಟ ತೀರ್ಪುಗಳಿಂದಾಗಿ ಲೋಕಸಭೆ, ವಿಧಾನಸಭೆಗೆ ನಿಲ್ಲುವವರು ತಮ್ಮ ಮೇಲಿನ ಕ್ರಿಮಿನಲ್ ಮೊಕದ್ದಮೆಗಳನ್ನು ಪ್ರಮಾಣಪತ್ರದಲ್ಲಿ ಬರೆಯಲೇಬೇಕು. ಅದನ್ನು ಓದೋಣ, ಮತದಾರರಿಗೆ ಓದಿ ಹೇಳೋಣ, ಟಿಕೆಟ್ ಕೊಟ್ಟ ಪಕ್ಷದ ಕಚೇರಿ ಮುಂದೆ ಧರಣಿ ಕೂರೋಣ. ಎಲ್ಲ ಪಕ್ಷದ ಮುಂದೆಯೂ ಕೂರೋಣ. ಆದರೆ ಒಬ್ಬ ಹೆಣ್ಣು ನಂಬಿ ಬರೆದುಕೊಟ್ಟ ನಾಲ್ಕು ಪುಟ ಸಾರ್ವಜನಿಕ ದಾಖಲೆಯಲ್ಲ. ಅದು ಅವಳದು. ಅದು ಹೊರಬಂದ ಮರುದಿನ ಗಂಡನ ಕಡೆಯವರು ಏನು ಮಾಡುತ್ತಾರೆ ಎಂಬುದು ನಮಗೆ ಗೊತ್ತು. ರೇಚಲ್‌ಗೆ, ಮರಿಯಾಗೆ ಮಾಡಿದ್ದನ್ನೇ ಮಾಡುತ್ತಾರೆ. ಅವಳ ನಡತೆ ಎಂಥದು ಎಂದು ಕೇಳುತ್ತಾರೆ. ಬಲಾತ್ಕಾರದ ಮೊಕದ್ದಮೆಯಲ್ಲಿ ಹೆಣ್ಣಿನ ನಡತೆ ಕೆಟ್ಟದ್ದೆಂದು ತೋರಿಸಿ ಅವಳ ಸಾಕ್ಷ್ಯವನ್ನು ಹಳಿಯಲು ನಮ್ಮ ಸಾಕ್ಷ್ಯ ಕಾಯ್ದೆಯೇ 2003ರವರೆಗೆ ಅವಕಾಶ ಕೊಟ್ಟಿತ್ತಲ್ಲ! ಕಾಯ್ದೆಯಿಂದ ಆ ಸಾಲು ಹೋಯಿತು, ಬೀದಿಯಿಂದ ಹೋಗಿಲ್ಲ.

ನಾನು ಆ ಇಬ್ಬರಿಗೂ ಇಲ್ಲ ಎಂದು ಹೇಳಿ ಕಳಿಸಿದ ಮೇಲೆ ಅವಳ ಮನೆಗೆ ಹೋದೆ. ಅವಳು ಎರಡು ವರ್ಷದಿಂದ ತವರಿನಲ್ಲಿದ್ದಳು. ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಹೀಗೆ ಬಂದಿದ್ದರು, ಕೊಡಲಿಲ್ಲ, ನಿನ್ನನ್ನು ಕೇಳದೆ ಕೊಡುವುದೂ ಇಲ್ಲ ಎಂದೆ. ಬಂದವರು ಯಾರು ಎಂದು ಕೇಳಿದಳು. ಹೆಸರು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು:

"ಅಕ್ಕಾ, ಆ ಹಿರಿಯರ ಮನೆ ನಮ್ಮ ಮನೆ ಎದುರಿಗೇ ಇತ್ತು. ನನ್ನ ಕೈ ಮುರಿದ ರಾತ್ರಿ ಕೂಗಿಕೊಂಡೆ. ಅವರ ಮನೆಯಲ್ಲಿ ದೀಪ ಹತ್ತಿತು, ಆಮೇಲೆ ಆರಿತು. ಆವತ್ತು ನಮ್ಮ ಬಾಗಿಲು ತಟ್ಟದವರು ಇವತ್ತು ನಿಮ್ಮ ಬಾಗಿಲು ತಟ್ಟಿದರಾ?"

ನಾನು ಏನೂ ಹೇಳಲಿಲ್ಲ. ಅವಳೇ ಮತ್ತೆ ಕೇಳಿದಳು: "ಆ ಕಾಗದ ಇನ್ನೂ ಇದೆಯಾ? ಹಾಗಾದರೆ ನನಗೊಂದು ಜೆರಾಕ್ಸ್ ಕೊಡಿ."

ಕೊಟ್ಟೆವು. ಅದನ್ನು ಹಿಡಿದು ಅವಳು ವಕೀಲರ ಬಳಿ ಹೋದಳು. ಕೌಟುಂಬಿಕ ಹಿಂಸೆ ತಡೆಯುವ 2005ರ ಕಾಯ್ದೆಯಡಿ ಅರ್ಜಿ ಹಾಕಿದಳು. ಒಂಬತ್ತು ವರ್ಷದ ಹಿಂದೆ ಬೇಡ ಎಂದವಳಿಗೆ ಈಗ ಬೇಕು ಅನ್ನಿಸಿತ್ತು. ಚುನಾವಣೆ ಮುಗಿದು ಒಂದು ತಿಂಗಳಾದ ಮೇಲೆ ಹಾಕಿದಳು. ಮುಂಚೆ ಹಾಕಿದರೆ ಯಾರೋ ಹೇಳಿಕೊಟ್ಟು ಹಾಕಿಸಿದರು ಅಂತಾರೆ ಎಂದು ಅವಳದೇ ಲೆಕ್ಕ. ಜೀವನಾಂಶದ ಆದೇಶವೂ ಆಯಿತು.

ಹಾಗಾಗಿ ನಮ್ಮ ಕೇಂದ್ರದಲ್ಲಿ ಈಗ ಒಂದು ನಿಯಮ ಬರೆದು ಗೋಡೆಗೆ ಹಾಕಿದ್ದೇವೆ. ಯಾವ ದೂರನ್ನೂ, ಯಾರು ಕೇಳಿದರೂ, ಬರೆದವಳನ್ನು ಕೇಳದೆ ಕೊಡುವುದಿಲ್ಲ. ದೂರು ಹೊತ್ತು ತಂದವರನ್ನು ಮೂರು ಮಾತು ಕೇಳುತ್ತೇವೆ. ಇದನ್ನು ಹೇಳಲು ಅವಳು ಒಪ್ಪಿದ್ದಾಳೆಯೇ? ಹೇಳಿದ ಮೇಲೆ ಅವಳ ಜೊತೆ ನಿಲ್ಲುವವರು ಯಾರು? ನಿಮ್ಮ ಪಕ್ಷದವನ ಮೇಲೆ ಇಂಥದೇ ದೂರು ಬಂದರೆ ಏನು ಮಾಡುತ್ತೀರಿ? ಮೂರನೆಯ ಪ್ರಶ್ನೆಗೆ ಇಲ್ಲಿಯವರೆಗೆ ಯಾರೂ ಉತ್ತರ ಕೊಟ್ಟಿಲ್ಲ. ನಿಮ್ಮ ನಿಮ್ಮ ಊರುಗಳಲ್ಲಿ ಚುನಾವಣೆ ಬಂದಾಗ ನಿಮ್ಮ ಬಾಗಿಲಿಗೂ ಇಂಥವರು ಬರುತ್ತಾರೆ. ಆಗ ಈ ಮೂರು ಪ್ರಶ್ನೆ ಕೇಳಿ, ಉತ್ತರ ಬರುವವರೆಗೆ ಕಡತದ ಕಪಾಟಿಗೆ ಬೀಗ ಹಾಕಿಯೇ ಇಡಿ.